ಕಲ್ಲಿಗೂ ಕಾಲು ಬಂದಾಗ

"ಅಮ್ಮಾ, ಆಪರೇಷನ್ ಮುಗಿಯಿತು. ಆದರೆ ಕಲ್ಲು ಕೈಗೆ ಸಿಗಲಿಲ್ಲ. ಮೇಲಕ್ಕೆ ಓಡಿಹೋಯಿತು."

2012ರ ಮೇ ತಿಂಗಳಿನ ಒಂದು ಮಧ್ಯಾಹ್ನ ಆಪರೇಷನ್ ಕೋಣೆಯ ಬಾಗಿಲಲ್ಲಿ ನಿಂತು ಒಬ್ಬ ಯುವ ವೈದ್ಯರು ನನಗೆ ಹೇಳಿದ ಮಾತಿದು. ನಾನು ಏನೆಂದೆ ಗೊತ್ತೇ? "ಕಲ್ಲಿಗೆ ಕಾಲಿದೆಯೇ ಓಡುವುದಕ್ಕೆ? ನಾವು ಹಳ್ಳಿಯವರೆಂದು ಏನು ಬೇಕಾದರೂ ಹೇಳಬಹುದೇ?" ಎಂದು ಹತ್ತು ಜನರ ಮುಂದೆ ಕೂಗಾಡಿದೆ. ಆ ವೈದ್ಯರು ತಲೆ ತಗ್ಗಿಸಿ ಒಳಗೆ ಹೋದರು. ಅಂದು ಗೆದ್ದೆನೆಂದು ನಾನು ತಿಳಿದಿದ್ದೆ. ಆ ಕೂಗಾಟಕ್ಕೆ ನಮ್ಮ ಮನೆ ತೆತ್ತ ಬೆಲೆ ಎಷ್ಟೆಂದು ತಿಳಿಯಲು ನನಗೆ ಐದು ತಿಂಗಳು ಬೇಕಾಯಿತು. ನನ್ನ ತಪ್ಪು ಯಾವುದೆಂದು ತಿಳಿಯಲು ಇನ್ನೂ ಹನ್ನೊಂದು ವರ್ಷ ಹಿಡಿಯಿತು. ಓದುಗ ಬಂಧುಗಳಲ್ಲಿ ಒಬ್ಬರಿಗಾದರೂ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಆಂಧ್ರಪ್ರದೇಶದ ಕಲ್ಯಾಣದುರ್ಗದ ಕಡೆಯ ಬ್ರಹ್ಮಸಮುದ್ರ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಊರಿನ ಹೆಸರಿನಲ್ಲಿ ಸಮುದ್ರವೇ ಇದೆ, ನೀರಿಗೆ ಮಾತ್ರ ಬರ. ಅನಂತಪುರ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 550 ಮಿಲಿಮೀಟರಿನಷ್ಟು ಮಳೆ ಬಿದ್ದರೆ ಹೆಚ್ಚು. ಅದನ್ನೇ ನಂಬಿಕೊಂಡು ಶೇಂಗಾ ಬಿತ್ತುವ ಜನ ನಾವು. ನಮ್ಮ ಮನೆಯವರೂ ಶೇಂಗಾ ಬೆಳೆಗಾರರೇ. ಬೆಳಿಗ್ಗೆ ಎದ್ದು ಎತ್ತುಗಳಿಗೆ ತೊಟ್ಟಿ ತುಂಬ ನೀರು ಬಿಡುವ ಮನುಷ್ಯ, ತಾವು ಮಾತ್ರ ಒಂದು ಚೊಂಬು ನೀರಿನಲ್ಲಿ ಸಂಜೆಯವರೆಗೆ ಬಿಸಿಲಿನಲ್ಲಿ ಇರುತ್ತಿದ್ದರು. "ಹೆಚ್ಚು ಕುಡಿದರೆ ಬೆವರು ಹೆಚ್ಚು" ಎನ್ನುವುದು ಅವರ ವಾದ. ಮೂತ್ರ ಹಳದಿಯಾಗಿ ಉರಿಯುತ್ತಿದ್ದರೂ "ಉಷ್ಣ, ಒಂದು ಎಳನೀರು ಕುಡಿದರೆ ಸರಿಹೋಗುತ್ತದೆ" ಎನ್ನುತ್ತಿದ್ದರು.

ಆ ವರ್ಷದ ಬೇಸಿಗೆಯಲ್ಲಿ ಒಂದು ರಾತ್ರಿ ಬಲಪಕ್ಕೆಯಿಂದ ತೊಡೆಯ ಸಂದಿನವರೆಗೆ ನೋವು ಎದ್ದಿತು. ಅವರು ನೆಲದ ಮೇಲೆ ಹೊರಳಾಡಿದರು, ವಾಂತಿ ಮಾಡಿಕೊಂಡರು. ಹೆರಿಗೆ ನೋವು ಕಂಡ ನಾನೇ ಹೆದರಿಹೋದೆ. ಸ್ಕ್ಯಾನಿಂಗ್ ಮಾಡಿಸಿದಾಗ ಬಲಗಡೆಯ ಮೂತ್ರನಾಳದ ಮೇಲ್ಭಾಗದಲ್ಲಿ 9 ಮಿಲಿಮೀಟರ್ ಕಲ್ಲು ಸಿಕ್ಕಿಕೊಂಡಿದೆ ಎಂದರು. 5 ಮಿಲಿಮೀಟರಿಗಿಂತ ಸಣ್ಣ ಕಲ್ಲುಗಳು ಬಹುಮಟ್ಟಿಗೆ ತಾವಾಗಿಯೇ ಇಳಿದುಹೋಗುತ್ತವೆ, ಇದು ಇಳಿಯುವಂಥದ್ದಲ್ಲ, ದುರ್ಬೀನು ಹಾಕಿ ಒಡೆದು ತೆಗೆಯಬೇಕು ಎಂದು ಹೇಳಿದರು. ನನ್ನ ಬೆಂಡೋಲೆ ಅಡವಿಟ್ಟೆ. ಒಂದು ಆಸ್ಪತ್ರೆಯಲ್ಲಿ ಸೇರಿಸಿದೆವು. ಇಂಗ್ಲಿಷಿನಲ್ಲಿದ್ದ ಒಂದು ಹಾಳೆ ಕೊಟ್ಟು "ಇಲ್ಲಿ ಸಹಿ ಮಾಡಿ" ಎಂದರು. ಮಾಡಿದೆ. ಏನು ಬರೆದಿದೆ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮುಂದಿನದು ನಿಮಗೆ ಗೊತ್ತೇ ಇದೆ. ಕಲ್ಲು ಮೂತ್ರಪಿಂಡದೊಳಕ್ಕೆ ಜಾರಿತ್ತು. ಮೂತ್ರ ಕಟ್ಟದಿರಲೆಂದು ಒಳಗೆ ಡಿ.ಜೆ. ಸ್ಟೆಂಟ್ ಎಂಬ ಮೆತ್ತನೆಯ ನಳಿಕೆ ಇಟ್ಟಿದ್ದರು. ನಾಲ್ಕು ವಾರ ಬಿಟ್ಟು ಬನ್ನಿ, ಕಲ್ಲಿಗೆ ಬೇರೆ ಚಿಕಿತ್ಸೆ ಮಾಡಿ ನಳಿಕೆ ತೆಗೆಯುತ್ತೇವೆ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ನಾನು ಆ ಚೀಟಿಯನ್ನು ಚೀಲಕ್ಕೆ ತುರುಕಿ, "ಇನ್ನೊಂದು ಸಲ ದುಡ್ಡು ಕೀಳುವ ಉಪಾಯ. ಇವರ ಹತ್ತಿರ ಮತ್ತೆ ಕಾಲಿಡಬೇಡಿ" ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳುತ್ತಾ ಬಂದೆ. ಮನೆಯವರು ನನ್ನ ಮಾತು ನಂಬಿದರು.

ನಾಲ್ಕು ವಾರ ಕಳೆಯಿತು. ಜೂನಿನಲ್ಲಿ ಒಂದು ಹದ ಮಳೆ ಬಂತು, ಬಿತ್ತನೆಯ ಕೆಲಸ. ಆಮೇಲೆ ಕಳೆ, ಆಮೇಲೆ ಔಷಧ ಸಿಂಪಡಣೆ. ನಡುನಡುವೆ ಮೂತ್ರಕ್ಕೆ ಹೋದಾಗ ಬೆನ್ನಿನಲ್ಲಿ ಸೆಳೆತ, ಪದೇ ಪದೇ ಹೋಗಬೇಕೆನಿಸುವುದು, ಒಮ್ಮೊಮ್ಮೆ ಕೆಂಪು ಬಣ್ಣ. ಅವರು ಹಲ್ಲು ಕಚ್ಚಿ ಸುಮ್ಮನಿದ್ದರು. ಅಕ್ಟೋಬರಿನಲ್ಲಿ ಶೇಂಗಾ ಕೀಳುವ ಹೊತ್ತಿಗೆ ಮೈ ನಡುಗಿಸುವ ಚಳಿಜ್ವರ ಬಂತು. ಎರಡು ದಿನದಲ್ಲಿ ಅವರಿಗೆ ಮಾತು ತೊದಲತೊಡಗಿತು. ಪಾವಗಡ, ಮಧುಗಿರಿ ದಾರಿಯಾಗಿ ರಾತ್ರೋರಾತ್ರಿ ಬಾಡಿಗೆ ಕಾರಿನಲ್ಲಿ ಬೆಂಗಳೂರಿಗೆ ಕರೆದೊಯ್ದೆವು.

ಅಲ್ಲಿ ಎಕ್ಸ್‌ರೇ ತೆಗೆದು ಹಿರಿಯ ವೈದ್ಯರೊಬ್ಬರು ನನಗೆ ತೋರಿಸಿದರು. ನಾಲ್ಕು ವಾರ ಇರಬೇಕಾದ ನಳಿಕೆ ಐದು ತಿಂಗಳು ಒಳಗೇ ಉಳಿದಿತ್ತು. ಬೋರ್‌ವೆಲ್ ನೀರು ಕಾಯಿಸಿದ ಹಂಡೆಯೊಳಗೆ ಬಿಳಿ ಸುಣ್ಣ ಕಟ್ಟುತ್ತದಲ್ಲ, ಹಾಗೆ ನಳಿಕೆಯ ಮೇಲಿನ ತುದಿಗೆ ಕಲ್ಲು ಕಟ್ಟಿತ್ತು. ಮೂತ್ರ ಕಟ್ಟಿ, ಕೀವಾಗಿ, ನಂಜು ರಕ್ತಕ್ಕೆ ಏರಿತ್ತು. ಮೊದಲು ಬೆನ್ನಿನ ಕಡೆಯಿಂದ ಸಣ್ಣ ಕೊಳವೆ ಇಟ್ಟು ಮೂತ್ರಪಿಂಡವನ್ನು ಬರಿದು ಮಾಡಿದರು. "ನಂಜು ಇರುವಾಗ ಕಲ್ಲು ಒಡೆಯುವುದಿಲ್ಲ. ಮೊದಲು ದಾರಿ, ಆಮೇಲೆ ಕಲ್ಲು" ಎಂದರು. ಜ್ವರ ಇಳಿದು ಎಷ್ಟೋ ದಿನಗಳ ಮೇಲೆ ಎರಡು ಸಲ ಒಳಗೆ ಕರೆದೊಯ್ದು ಸುಣ್ಣ ಒಡೆದು, ನಳಿಕೆ ತೆಗೆದು, ಮೂಲೆಯಲ್ಲಿ ಕುಳಿತಿದ್ದ ಹಳೆಯ ಕಲ್ಲನ್ನೂ ಪುಡಿ ಮಾಡಿದರು. ಮೂತ್ರಪಿಂಡ ಉಳಿಯಿತು. "ಇನ್ನು ಸ್ವಲ್ಪ ದಿನ ತಡವಾಗಿದ್ದರೆ ಮೂತ್ರಪಿಂಡದ ಮಾತಿರಲಿ, ಮನುಷ್ಯನ ಮಾತೇ ಕಷ್ಟವಿತ್ತು" ಎಂದಾಗ ನಾನು ಗೋಡೆ ಹಿಡಿದು ಕುಳಿತುಬಿಟ್ಟೆ.

ಆ ವಾರ್ಡಿನಲ್ಲಿ ಸೇವೆ ಮಾಡುತ್ತಿದ್ದ ವಯಸ್ಸಾದ ಸಿಸ್ಟರ್ ಒಬ್ಬರು ನನ್ನನ್ನು ಸಮಾಧಾನಪಡಿಸುತ್ತಾ, ಕಲ್ಲಿನ ನೋವಿಗೂ ಒಬ್ಬ ಪಾಲಕ ಸಂತರಿದ್ದಾರೆ ಎಂದರು. ಅವರು ನಾಲ್ಕನೆಯ ಶತಮಾನದ ಸಂತ ಲಿಬೋರಿಯುಸ್, ಫ್ರಾನ್ಸಿನ ಲೆ ಮಾನ್ ನಗರದ ಬಿಷಪರಾಗಿದ್ದವರು. 836ರಲ್ಲಿ ಅವರ ಪವಿತ್ರ ಅವಶೇಷಗಳನ್ನು ಜರ್ಮನಿಯ ಪಾಡರ್‌ಬೋರ್ನ್‌ಗೆ ಒಯ್ದರಂತೆ. ಅವರ ಹಬ್ಬ ಜುಲೈ 23. "ಆ ಕಾಲದವರಿಗೆ ಪ್ರಾರ್ಥನೆ ಮಾತ್ರ ಇತ್ತು. ನಮಗೆ ವೈದ್ಯರೂ ಇದ್ದಾರೆ. ಹೇಳಿದ ದಿನ ಬರುವುದೊಂದೇ ನಮ್ಮ ಪಾಲಿನ ಕೆಲಸ" ಎಂದು ಸಿಸ್ಟರ್ ಮೆಲ್ಲಗೆ ನುಡಿದರು. ಬೈದಿದ್ದರೂ ಅಷ್ಟು ಚುಚ್ಚುತ್ತಿರಲಿಲ್ಲ.

ಹಿರಿಯ ವೈದ್ಯರು ಬಿಡುಗಡೆಯ ದಿನ ನನ್ನನ್ನು ಕೂರಿಸಿಕೊಂಡು, ಔಷಧದ ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ಎಲ್ಲವನ್ನೂ ತಿಳಿಸಿದರು. ಕಲ್ಲು ಓಡುತ್ತದೆ ಎಂಬುದು ಸುಳ್ಳಲ್ಲ, ಆ ಯುವ ವೈದ್ಯರು ನಿಜವನ್ನೇ ಹೇಳಿದ್ದರು ಎಂದು ನನಗೆ ಅರ್ಥವಾದದ್ದು ಆ ದಿನವೇ. ಅವರು ಹೇಳಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ.

ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ಮೂತ್ರನಾಳ ಸುಮಾರು 25 ಸೆಂಟಿಮೀಟರ್ ಉದ್ದ. ಒಳಗಿನ ಅಗಲ ಕೆಲವೇ ಮಿಲಿಮೀಟರ್. ಅದರಲ್ಲಿ ಮೂರು ಕಡೆ ಇಕ್ಕಟ್ಟು ಇದೆ: ಮೂತ್ರಪಿಂಡದಿಂದ ಹೊರಡುವಲ್ಲಿ, ಸೊಂಟದ ದೊಡ್ಡ ರಕ್ತನಾಳಗಳನ್ನು ದಾಟುವಲ್ಲಿ, ಮೂತ್ರಕೋಶವನ್ನು ಸೇರುವಲ್ಲಿ. ಕಲ್ಲು ಸಿಕ್ಕಿಕೊಳ್ಳುವುದು ಸಾಮಾನ್ಯವಾಗಿ ಇಲ್ಲಿಯೇ. ಕಲ್ಲು ಅಡ್ಡ ನಿಂತರೆ ಏನಾಗುತ್ತದೆ? ಕಾಲುವೆಗೆ ಅಡ್ಡ ಕಟ್ಟಿದರೆ ಹಿಂದೆ ನೀರು ನಿಂತು ಕಾಲುವೆ ಅಗಲವಾಗುವಂತೆ, ಕಲ್ಲಿನ ಮೇಲ್ಭಾಗದ ನಾಳ ಉಬ್ಬಿ ಅಗಲವಾಗುತ್ತದೆ. ಕೆಳಗಿನ ದಾರಿ ಕಿರಿದಾಗಿಯೇ ಇರುತ್ತದೆ. ಹೀಗಾಗಿ ಕಲ್ಲನ್ನು ಮುಟ್ಟಿದರೆ ಅದಕ್ಕೆ ಕೆಳಗಿಳಿಯುವುದಕ್ಕಿಂತ ಮೇಲೇರುವುದೇ ಸುಲಭ. ಮೂತ್ರಪಿಂಡಕ್ಕೆ ಹತ್ತಿರವಿದ್ದಷ್ಟೂ, ಗೋಡೆಗೆ ಅಂಟದೆ ಸಡಿಲವಾಗಿದ್ದಷ್ಟೂ ಬೇಗ ಜಾರುತ್ತದೆ.

ಮುಟ್ಟದೆ ಒಡೆಯುವುದು ಹೇಗೆ? ದುರ್ಬೀನಿನಲ್ಲಿ ಕಣ್ಣಿಗೆ ಕಾಣಬೇಕಾದರೆ ನೀರು ಹಾಯಿಸುತ್ತಲೇ ಇರಬೇಕು. ಆ ನೀರಿನ ಒತ್ತಡವೇ ಕಲ್ಲನ್ನು ಮೇಲಕ್ಕೆ ತಳ್ಳುತ್ತದೆ. ಇನ್ನು ಒಡೆಯುವ ಉಪಕರಣ. 1990ರ ಸುಮಾರಿಗೆ ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿ ರೂಪುಗೊಂಡ ಲಿಥೊಕ್ಲಾಸ್ಟ್ ಎಂಬ ಯಂತ್ರ ಗಾಳಿಯ ಒತ್ತಡದಿಂದ ಸಣ್ಣ ಸಲಾಕೆಯನ್ನು ಟಕಟಕ ಬಡಿಸುತ್ತದೆ, ರಸ್ತೆ ಅಗೆಯುವ ಯಂತ್ರದ ಪುಟ್ಟ ತಮ್ಮನ ಹಾಗೆ. ಬೆಲೆ ಕಡಿಮೆ, ಕೆಲಸ ಗಟ್ಟಿ. ಆದ್ದರಿಂದ ಸಣ್ಣ ಪಟ್ಟಣಗಳ ಆಸ್ಪತ್ರೆಗಳಿಗೂ ಅದು ಒದಗಿತು. ಆದರೆ ಪ್ರತಿಯೊಂದು ಪೆಟ್ಟೂ ಕಲ್ಲನ್ನು ಒಡೆಯುವುದರ ಜೊತೆಗೆ ಮುಂದಕ್ಕೂ ನೂಕುತ್ತದೆ. ನಮ್ಮವರಿಗೆ ಬಳಸಿದ್ದು ಇದನ್ನೇ. ಎಚ್ಚರಿಕೆಯ ಕೈಯಲ್ಲಿಯೂ ಇದು ನಡೆಯುವ ಸಂಗತಿ ಎಂದು ಹಿರಿಯ ವೈದ್ಯರು ಒತ್ತಿ ಹೇಳಿದರು.

ಈ ವಿದ್ಯೆ ಒಂದೇ ದಿನದಲ್ಲಿ ಬಂದದ್ದಲ್ಲ. ನಮ್ಮ ಸುಶ್ರುತ ಸಂಹಿತೆಯಲ್ಲಿ 'ಅಶ್ಮರಿ' ಎಂದು ಮೂತ್ರಕೋಶದ ಕಲ್ಲನ್ನು ಕೊಯ್ದು ತೆಗೆಯುವ ವಿಧಾನವಿದೆ. 1912ರಲ್ಲಿ ಅಮೆರಿಕದ ಹ್ಯೂ ಹ್ಯಾಂಪ್ಟನ್ ಯಂಗ್ ಎಂಬ ವೈದ್ಯರು, ಒಂದು ಮಗುವಿನ ಮೂತ್ರನಾಳ ಉಬ್ಬಿ ಅಗಲವಾಗಿದ್ದರಿಂದ ಅದರೊಳಗೆ ಮೊದಲ ಬಾರಿಗೆ ದುರ್ಬೀನು ಹಾಯಿಸಿ ನೋಡಿದರು. 1980ರ ಫೆಬ್ರವರಿ 7ರಂದು ಜರ್ಮನಿಯ ಮ್ಯೂನಿಕ್‌ನಲ್ಲಿ ಮೈ ಕೊಯ್ಯದೆ ಹೊರಗಿನಿಂದಲೇ ಆಘಾತ ತರಂಗ ಹಾಯಿಸಿ ಮೂತ್ರಪಿಂಡದ ಕಲ್ಲು ಪುಡಿ ಮಾಡಿದರು. ಲೇಸರ್ ಬಂದದ್ದು ಅದರ ನಂತರ.

ನಮ್ಮ ಕಥೆ ಅಲ್ಲಿಗೆ ಮುಗಿಯಲಿಲ್ಲ. 2023ರ ಏಪ್ರಿಲಿನಲ್ಲಿ ಮನೆಯವರಿಗೆ ಮತ್ತೆ ನೋವು ಬಂತು, ಈ ಸಲ ಎಡಗಡೆ. ಮತ್ತೆ ಮೂತ್ರನಾಳದ ಮೇಲ್ಭಾಗ, ಮತ್ತೆ ದೊಡ್ಡ ಕಲ್ಲು. ಬೆಂಗಳೂರಿಗೆ ಹೊರಡುವ ಮುನ್ನ ಹಳೆಯ ಕಾಗದಗಳನ್ನು ಜೋಡಿಸಲು ನರ್ಸಿಂಗ್ ಓದುತ್ತಿದ್ದ ಮಗಳನ್ನು ಕೂರಿಸಿದೆ. 2012ರ ಆ ಇಂಗ್ಲಿಷ್ ಹಾಳೆ ಅವಳ ಕೈಗೆ ಸಿಕ್ಕಿತು. ಓದುತ್ತಾ ಓದುತ್ತಾ ನಿಲ್ಲಿಸಿದಳು. "ಅಮ್ಮಾ, ಇಲ್ಲಿ ಬರೆದಿದೆಯಲ್ಲ? ಕಲ್ಲು ಮೂತ್ರಪಿಂಡಕ್ಕೆ ಹಿಂದೆ ಜಾರಬಹುದು, ಆಗ ಎರಡನೆಯ ಚಿಕಿತ್ಸೆ ಬೇಕಾಗಬಹುದು, ಸ್ಟೆಂಟ್ ಇಟ್ಟರೆ ಹೇಳಿದ ದಿನ ತೆಗೆಸಬೇಕು ಎಂದು. ಕೆಳಗೆ ನಿನ್ನದೇ ಸಹಿ." ಹೌದು, ದುಂಡು ಅಕ್ಷರಗಳಲ್ಲಿ ನನ್ನದೇ ಸಹಿ. ಯಾರನ್ನು ಸುಳ್ಳುಗಾರನೆಂದು ಹತ್ತು ಜನರ ಮುಂದೆ ಕರೆದೆನೋ, ಆತ ಹೇಳಿದ ಮಾತಿಗೆ ನಾನು ಮುಂಚಿತವಾಗಿಯೇ ಒಪ್ಪಿಗೆ ಬರೆದುಕೊಟ್ಟಿದ್ದೆ! ನಮಗೆ ತಿಳಿಯುವ ಭಾಷೆಯಲ್ಲಿ ಎರಡು ಮಾತು ಹೇಳದಿದ್ದದ್ದು ಅವರ ತಪ್ಪು. ಕೇಳದೆ ಸಹಿ ಹಾಕಿದ್ದು ನನ್ನ ತಪ್ಪು. ಎರಡೂ ಸೇರಿ ಒಬ್ಬ ಮನುಷ್ಯನ ಜೀವ ಹೋಗುವುದರಲ್ಲಿತ್ತು.

ಈ ಸಲ ನಾನು ಒಂದು ನೋಟುಪುಸ್ತಕ ಹಿಡಿದು ಹೋದೆ. ಮೊದಲ ಪ್ರಶ್ನೆಯೇ, "ಡಾಕ್ಟರೇ, ಕಲ್ಲು ಮೇಲಕ್ಕೆ ಓಡದಂತೆ ಏನು ಮಾಡುತ್ತೀರಿ?" ವೈದ್ಯರು ನಕ್ಕರು. "ರೋಗಿಗಳ ಮನೆಯವರು ಈ ಪ್ರಶ್ನೆ ಕೇಳುವುದೇ ಅಪರೂಪ" ಎಂದು ಒಂದೊಂದಾಗಿ ಹೇಳಿದರು. ನಾನು ಬರೆದುಕೊಂಡೆ.

ಮೊದಲನೆಯದು, ಖರ್ಚಿಲ್ಲದ ಉಪಾಯಗಳು. ಆಪರೇಷನ್ ಮೇಜನ್ನು ತಲೆಯ ಕಡೆ ಎತ್ತರವಾಗುವಂತೆ ಓರೆ ಮಾಡಿದರೆ ಕಲ್ಲಿನ ಭಾರವೇ ಅದನ್ನು ಕೆಳಗೆ ಉಳಿಸಲು ನೆರವಾಗುತ್ತದೆ. ಹಾಯಿಸುವ ನೀರನ್ನು ಕಣ್ಣಿಗೆ ಕಾಣುವಷ್ಟಕ್ಕೆ ಮಾತ್ರ ಬಿಡಬೇಕು. ಕಲ್ಲಿನ ನಡುವಿಗೆ ನೇರವಾಗಿ ಗುದ್ದದೆ ಅಂಚಿನಿಂದ ಸವೆಸುತ್ತಾ ಬರಬೇಕು.

ಎರಡನೆಯದು, ಒಡೆಯುವ ಸಾಧನದ ಆಯ್ಕೆ. ಹೋಲ್ಮಿಯಂ ಲೇಸರ್ ಗಾಳಿಯ ಸಲಾಕೆಗಿಂತ ಕಡಿಮೆ ನೂಕುತ್ತದೆ. ಅದರಲ್ಲಿಯೂ ಶಕ್ತಿ ತಗ್ಗಿಸಿ, ಪ್ರತಿ ಮಿಡಿತವನ್ನು ಉದ್ದವಾಗಿಸಿದರೆ ನೂಕು ಇನ್ನೂ ಕಡಿಮೆಯಾಗಿ ಕಲ್ಲು ದೂಳಾಗುತ್ತದೆ. ಇತ್ತೀಚೆಗೆ ಬಂದಿರುವ ಥೂಲಿಯಂ ಫೈಬರ್ ಲೇಸರ್ ಇನ್ನೂ ಮೃದುವಾಗಿ ಕೆಲಸ ಮಾಡುತ್ತದೆ.

ಮೂರನೆಯದು, ಕಲ್ಲಿನ ಹಿಂದೆ ಕಾವಲು ಇಡುವುದು. ತೆಳುವಾದ ತಂತಿಯನ್ನು ಕಲ್ಲಿನ ಪಕ್ಕದಿಂದ ಮೇಲಕ್ಕೆ ದಾಟಿಸಿ ಅಲ್ಲಿ ಬಿಡಿಸಿದರೆ ಅದು ಸುರುಳಿಯಾಗಿ ಶಂಕುವಿನ ಆಕಾರ ತಾಳುತ್ತದೆ. ಅದಕ್ಕೆ ಸ್ಟೋನ್ ಕೋನ್ ಎನ್ನುತ್ತಾರೆ. ಎನ್‌ಟ್ರ್ಯಾಪ್ ಎಂಬುದು ತಂತಿ ಹೆಣೆದ ಪುಟ್ಟ ಕೊಡೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಕಲ್ಲನ್ನು ಹಿಡಿದುಕೊಳ್ಳುವ ತಂತಿಯ ಬುಟ್ಟಿಗಳೂ ಇವೆ. ಇನ್ನೊಂದು ವಿಧ ಜೆಲ್. ತಣ್ಣಗಿದ್ದಾಗ ನೀರಿನಂತಿದ್ದು ಮೈಯ ಶಾಖಕ್ಕೆ ಗಟ್ಟಿಯಾಗುವ ಒಂದು ದ್ರವವನ್ನು ಕಲ್ಲಿನ ಮೇಲ್ಗಡೆ ತುಂಬಿ, ಕೆಲಸ ಮುಗಿದ ಮೇಲೆ ತಣ್ಣನೆಯ ಉಪ್ಪುನೀರಿನಿಂದ ಕರಗಿಸಿ ತೊಳೆಯುವುದೂ ಉಂಟು. ಅಷ್ಟು ಖರ್ಚು ಬೇಡವೆಂದರೆ, ಎಲ್ಲ ಆಸ್ಪತ್ರೆಗಳಲ್ಲಿಯೂ ಇರುವ ಲಿಗ್ನೋಕೇನ್ ಜೆಲ್ಲಿಯನ್ನು ಸಣ್ಣ ಕೊಳವೆಯಿಂದ ಕಲ್ಲಿನ ಹಿಂದೆ ತುಂಬಿಸುವ ಕ್ರಮವೂ ಇದೆ.

"ಇವೆಲ್ಲ ಇದ್ದರೂ ಓಡುವುದೇ ಇಲ್ಲ ಎಂದು ನಾನು ಮಾತು ಕೊಡಲಾರೆ" ಎಂದರು ವೈದ್ಯರು. ಕಲ್ಲು ಗೋಡೆಗೆ ಕಚ್ಚಿಕೊಂಡಿದ್ದರೆ ಪಕ್ಕದಿಂದ ತಂತಿಯೇ ದಾಟದಿರಬಹುದು, ಬಲವಂತ ಮಾಡಿದರೆ ನಾಳಕ್ಕೆ ಗಾಯವಾಗಬಹುದು. ಹಾಗೊಮ್ಮೆ ಓಡಿದರೆ, ಬಾಗುವ ದುರ್ಬೀನನ್ನು ಮೂತ್ರಪಿಂಡದೊಳಕ್ಕೇ ಕಳುಹಿಸಿ ಅದೇ ಹೊತ್ತಿನಲ್ಲಿ ಒಡೆಯುತ್ತಾರೆ. ಅದು ಆಗದಿದ್ದರೆ ಸ್ಟೆಂಟ್ ಇಟ್ಟು, ಕೆಲವು ವಾರಗಳ ನಂತರ ಆಘಾತ ತರಂಗವೋ ಇನ್ನೊಂದು ಚಿಕಿತ್ಸೆಯೋ ಮಾಡುತ್ತಾರೆ. ಕಲ್ಲು ಓಡಿತೆಂದರೆ ಚಿಕಿತ್ಸೆ ಸೋತಿತು ಎಂದಲ್ಲ, ಇನ್ನೂ ಮುಗಿದಿಲ್ಲ ಎಂದು ಅರ್ಥ. ಈ ಒಂದು ವಾಕ್ಯವನ್ನು 2012ರಲ್ಲಿ ಯಾರಾದರೂ ನನಗೆ ಹೇಳಿದ್ದರೆ ಎಂದು ಎಷ್ಟು ಸಲ ಅಂದುಕೊಂಡೆನೋ!

ಆ ಬಾರಿ ಮೇಜು ಓರೆ ಮಾಡಿ, ಕಲ್ಲಿನ ಮೇಲ್ಗಡೆ ಶಂಕುವಿನ ತಂತಿ ಇಟ್ಟು, ಲೇಸರಿನಿಂದ ಒಡೆದರು. ಹೊರಗೆ ಬಂದ ವೈದ್ಯರು ಒಂದು ಚಿಕ್ಕ ಸೀಸೆ ತೋರಿಸಿದರು. ತಳದಲ್ಲಿ ಕಂದು ಬಣ್ಣದ ನಾಲ್ಕು ಹರಳು, ಮಿಕ್ಕಿದ್ದೆಲ್ಲ ಹುಡಿ. ಮನೆಯವರನ್ನು ಹನ್ನೊಂದು ವರ್ಷ ಕಾಡಿದ ವೈರಿ ಒಂದು ಚಿಟಿಕೆ ರಾಗಿ ಹಿಟ್ಟಿನಷ್ಟೂ ಇರಲಿಲ್ಲ. ಎರಡು ವಾರಕ್ಕೆ ಸ್ಟೆಂಟ್ ಇಟ್ಟಿದ್ದರು. ಊರಿಗೆ ಬಂದ ಕೂಡಲೇ ನಾನು ಮಾಡಿದ ಮೊದಲ ಕೆಲಸ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಕೆಂಪು ಶಾಯಿಯಿಂದ ಸುತ್ತು ಹಾಕಿದ್ದು. ಆ ದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟೆವು.

ಇನ್ನು ಎರಡು ಮಾತು. ಕಲ್ಲಿನ ನೋವಿನ ಜೊತೆಗೆ ಚಳಿಜ್ವರ ಬಂದರೆ, ಮೂತ್ರ ನಿಂತುಹೋದರೆ, ಅಥವಾ ಒಂದೇ ಮೂತ್ರಪಿಂಡ ಇರುವವರಿಗೆ ಈ ನೋವು ಬಂದರೆ, ಬೆಳಗಾಗಲಿ ಎಂದು ಕಾಯಬೇಡಿ. ಬಾಳೆದಿಂಡು, ಹುರುಳಿ ಕಟ್ಟು ಎಂದು ದಿನ ಕಳೆಯಬೇಡಿ. ಎರಡನೆಯದು ನೀರು. ಕಲ್ಲು ಓಡದಂತೆ ತಡೆಯುವ ಉಪಾಯಕ್ಕಿಂತ ಕಲ್ಲು ಹುಟ್ಟದಂತೆ ತಡೆಯುವ ಉಪಾಯ ಅಗ್ಗ. ದಿನಕ್ಕೆ ಎರಡೂವರೆ ಲೀಟರಿನಷ್ಟು ಮೂತ್ರ ಹೋಗುವಷ್ಟು ನೀರು ಕುಡಿಯಬೇಕು, ನಮ್ಮ ಸೀಮೆಯ ಬಿಸಿಲಿನಲ್ಲಿ ದುಡಿಯುವವರಿಗೆ ಇನ್ನೂ ಹೆಚ್ಚು ನೀರು ಬೇಕು. ಉಪ್ಪು ಕಡಿಮೆ ಮಾಡಬೇಕು, ನಿಂಬೆಹಣ್ಣಿನ ಪಾನಕ ಒಳ್ಳೆಯದು, ಹಾಲು ಮೊಸರು ಬಿಡಬೇಕಾಗಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಹೃದಯ ಅಥವಾ ಮೂತ್ರಪಿಂಡದ ಬೇರೆ ಕಾಯಿಲೆ ಇರುವವರು ಮಾತ್ರ ನೀರಿನ ಅಳತೆಯನ್ನು ತಮ್ಮ ವೈದ್ಯರಲ್ಲಿ ಕೇಳಿಕೊಳ್ಳಬೇಕು. ಈಗ ನಮ್ಮ ಮನೆಯವರು ಹೊಲಕ್ಕೆ ಹೋಗುವಾಗ ಐದು ಲೀಟರಿನ ಕ್ಯಾನು ಹೊತ್ತೇ ಹೋಗುತ್ತಾರೆ. ಸಂಜೆ ಬಂದಾಗ ಅದು ಬರಿದಾಗಿದೆಯೇ ಎಂದು ನಾನು ಅಲ್ಲಾಡಿಸಿ ನೋಡುತ್ತೇನೆ. "ಮಿಕ್ಕಿದ್ದನ್ನು ಎತ್ತಿಗೆ ಹಾಕಿ ಬಂದಿಲ್ಲ, ನಾನೇ ಕುಡಿದೆ" ಎಂದು ಅವರು ನಗುತ್ತಾರೆ.

ಆ ಯುವ ವೈದ್ಯರನ್ನು ಕಂಡು ಕ್ಷಮೆ ಕೇಳಬೇಕೆಂದು 2023ರಲ್ಲಿಯೇ ಆ ಆಸ್ಪತ್ರೆಗೆ ಹೋಗಿದ್ದೆ. ಅವರು ಎಂದೋ ಬೇರೆ ಊರಿಗೆ ಹೋಗಿದ್ದರು, ವಿಳಾಸ ಯಾರಿಗೂ ತಿಳಿದಿರಲಿಲ್ಲ. ಈ ಬರಹ ಎಂದಾದರೂ ಅವರ ಕಣ್ಣಿಗೆ ಬಿದ್ದರೆ, ಬ್ರಹ್ಮಸಮುದ್ರದ ಒಬ್ಬ ಹೆಂಗಸು ತಮ್ಮ ಮಾತನ್ನು ಈಗ ನಂಬಿದ್ದಾಳೆಂದು ತಿಳಿದುಕೊಳ್ಳಲಿ. ಕಲ್ಲಿಗೆ ನಿಜವಾಗಿಯೂ ಕಾಲಿದೆ, ಡಾಕ್ಟರೇ. ಸಹಿ ಹಾಕುವ ಮುನ್ನ ಕೇಳಲು ನನಗೂ ಬಾಯಿತ್ತು. ಅಂದು ಅದನ್ನು ತಪ್ಪು ಹೊತ್ತಿನಲ್ಲಿ ಬಳಸಿದೆ.